ಸಿಸ್ಟರ್‌ಗಳ ಲಿಸ್ಟ್ ಕೇಳ್ಬೇಡಿ, ವಾರ್ಡ್‌ಗಳ ಲಿಸ್ಟ್ ಕೊಡ್ತೀನಿ

ಆಸ್ಪತ್ರೆಗೆ ಅವರ ನರ್ಸ್‌ಗಳ ಕೆಲಸದ ಒತ್ತಡದ ಸರ್ವೆ ರಿಪೋರ್ಟ್ ಕಳಿಸಿ ಮೂರು ದಿನ ಆಗಿರಲ್ಲ, ಫೋನ್ ಬಂದೇ ಬರುತ್ತೆ. "ಮೇಡಂ, ರಿಪೋರ್ಟ್ ನೋಡಿದ್ವಿ, ಚೆನ್ನಾಗಿದೆ, ಆದ್ರೆ ಹೆಸರುಗಳೇ ಇಲ್ವಲ್ಲ, ಯಾವ್ ಯಾವ್ ಸಿಸ್ಟರ್‌ಗೆ ಸ್ಟ್ರೆಸ್ ಜಾಸ್ತಿ ಇದೆ ಅಂತ ಒಂದು ಲಿಸ್ಟ್ ಕೊಟ್ಬಿಡಿ, ಅವರಿಗೆ ಕೌನ್ಸೆಲಿಂಗೋ ಯೋಗಾನೋ ಏನಾದ್ರೂ ಮಾಡಿಸ್ತೀವಿ." ಬೆಂಗಳೂರಿನ ಎಷ್ಟು ಆಸ್ಪತ್ರೆಗಳಿಂದ ಈ ಫೋನ್ ಬಂದಿದೆಯೋ ನಾನು ಲೆಕ್ಕ ಇಟ್ಟಿಲ್ಲ. ಕೇಳೋ ಎಚ್‌ಆರ್‌ನವರು ಕೆಟ್ಟವರಲ್ಲ, ಒಳ್ಳೇ ಮನಸ್ಸಿಂದಾನೇ ಕೇಳ್ತಾರೆ. ಆದ್ರೆ ಪ್ರಶ್ನೆ ಬುಡದಲ್ಲೇ ತಪ್ಪು, ಇವತ್ತು ಅದೊಂದನ್ನೇ ಬಿಡಿಸಿ ಹೇಳ್ಬೇಕು ಅಂತ ಕೂತಿದೀನಿ.

ನಾನು ಒಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದೋಳು, ಆಮೇಲೆ ಸೈಕಾಲಜಿ ಓದಿ ಈಗ ಆಸ್ಪತ್ರೆಗಳಲ್ಲಿ ಕೆಲಸದ ಒತ್ತಡ ಅಳೆಯೋ ಕೆಲಸ ಮಾಡ್ತೀನಿ. ಹೆಚ್ಚಾಗಿ ಬಳಸೋದು ನರ್ಸಿಂಗ್ ಸ್ಟ್ರೆಸ್ ಸ್ಕೇಲ್ ಅನ್ನೋ ಪ್ರಶ್ನಾವಳಿ, 1981ರಲ್ಲಿ ಪಮೇಲಾ ಗ್ರೇ-ಟಾಫ್ಟ್ ಮತ್ತು ಜೇಮ್ಸ್ ಆಂಡರ್ಸನ್ ಅಮೆರಿಕದಲ್ಲಿ ಮಾಡಿದ್ದು. 34 ಸಂದರ್ಭಗಳಿವೆ, ಅವನ್ನ ಸಾವು, ಕೆಲಸದ ಹೊರೆ, ಸಪೋರ್ಟ್ ಸಿಗದೇ ಇರೋದು ಅಂತೆಲ್ಲಾ ಭಾಗ ಮಾಡಿದಾರೆ. ಪೇಷೆಂಟ್ ನರಳೋದನ್ನ ನೋಡ್ಬೇಕಾಗೋದು, ಡಾಕ್ಟರ್ ಟೀಕೆ ಮಾಡೋದು, ಸ್ಟಾಫ್ ಕಮ್ಮಿ ಇರೋ ಬೇರೆ ಯೂನಿಟ್‌ಗೆ ಎತ್ತಿ ಹಾಕೋದು, ಕೆಲಸ ಮುಗಿಸೋಕೆ ಟೈಮೇ ಸಾಲದೇ ಇರೋದು, ಈ ಥರ. ಒಂದೊಂದಕ್ಕೂ ಕೇಳೋದು ಇಷ್ಟೇ: ಈಗ ನೀವಿರೋ ಯೂನಿಟ್‌ನಲ್ಲಿ ಇದು ನಿಮಗೆ ಎಷ್ಟು ಸಲ ಒತ್ತಡ ತಂದಿದೆ? ಇಲ್ಲವೇ ಇಲ್ಲ ಅಂದ್ರೆ 0, ಅಪರೂಪಕ್ಕೆ 1, ಆಗಾಗ 2, ತುಂಬಾ ಸಲ ಅಂದ್ರೆ 3.

"ಈಗ ನೀವಿರೋ ಯೂನಿಟ್‌ನಲ್ಲಿ." ದಯವಿಟ್ಟು ಈ ಮಾತನ್ನ ಇನ್ನೊಂದ್ಸಲ ಓದಿ. ನೀವು ಎಂಥ ಹೆಂಗಸು, ಎಷ್ಟು ಗಟ್ಟಿ, ಮನೇಲಿ ಏನು ಕಷ್ಟ, ಇದ್ಯಾವುದನ್ನೂ ಅದು ಕೇಳ್ತಿಲ್ಲ. ಆ ವಾರ್ಡು ತನ್ನಲ್ಲಿ ಕೆಲಸ ಮಾಡೋರಿಗೆ ಏನು ಮಾಡ್ತಿದೆ ಅಂತ ಕೇಳ್ತಿದೆ. ಸ್ಕೇಲ್ ಮಾಡಿದವರೇ ಮೊದಲು ಅದನ್ನ ಐದು ಯೂನಿಟ್‌ಗಳ 122 ನರ್ಸ್‌ಗಳಿಗೆ ಕೊಟ್ಟು, ಯೂನಿಟ್ ಯೂನಿಟ್‌ಗೆ ಏನು ವ್ಯತ್ಯಾಸ ಅಂತ ನೋಡಿದ್ದು. ಹುಟ್ಟಿದ್ದೇ ವಾರ್ಡ್ ಅಳೆಯೋಕೆ.

ಹೌದು, ಒಬ್ಬರ ಉತ್ತರದಲ್ಲಿ ಅವರ ಸ್ವಭಾವಾನೂ ಸೇರಿರುತ್ತೆ, ಅದನ್ನ ನಾನು ಇಲ್ಲ ಅನ್ನಲ್ಲ. ಒಬ್ಬಳು ಸಣ್ಣದಕ್ಕೂ 3 ಹಾಕ್ತಾಳೆ, ಇನ್ನೊಬ್ಬಳು ಜೀವ ಹೋದ್ರೂ 1 ದಾಟಲ್ಲ. ಅದಕ್ಕೇ ಒಬ್ಬಳ ನಂಬರ್ ಹಿಡ್ಕೊಂಡು ಏನೂ ಹೇಳೋಕಾಗಲ್ಲ, ಒಂದೇ ವಾರ್ಡಿನ ಹದಿನೈದು ಜನದ ನಂಬರ್ ಒಟ್ಟಿಗೆ ಇಟ್ಟಾಗ ಸ್ವಭಾವದ ಏರುಪೇರು ಬಹುಪಾಲು ಅಡಗಿ ಹೋಗಿ ವಾರ್ಡಿನ ಮುಖ ಕಾಣಿಸುತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ ಹೇಗಿದೆ ಅಂತ ತಿಳ್ಕೊಳ್ಳೋಕೆ ಅಲ್ಲಿ ನಿಂತಿರೋ ನೂರು ಜನ ಸ್ಕೂಟರ್‌ನವರನ್ನ ಕೇಳ್ತೀರಿ ಅಂತಿಟ್ಕೊಳ್ಳಿ, ಎಲ್ಲರೂ ಅರ್ಧ ಗಂಟೆ ಸಿಕ್ಕಾಕ್ಕೊಂಡಿದೀವಿ ಅಂತಾರೆ. ಆಮೇಲೆ ನೀವು ಆ ನೂರರಲ್ಲಿ ಜಾಸ್ತಿ ರೇಗಾಡಿದ ಹತ್ತು ಜನರ ಗಾಡಿ ನಂಬರ್ ಬರ್ಕೊಂಡು ಅವರಿಗೆ ಪ್ರಾಣಾಯಾಮ ಕಲಿಸ್ತೀರಾ? ಸಿಗ್ನಲ್ ನೋಡ್ತೀರ ತಾನೆ?

ಹೆಸರು ಬೇಡ ಅನ್ನೋಕೆ ಇನ್ನೂ ಒಂದು ಕಾರಣ ಇದೆ, ಅದನ್ನ ಕಣ್ಣಾರೆ ನೋಡಿದೀನಿ. ಒಂದು ಆಸ್ಪತ್ರೇಲಿ ನಾನು ಹೋಗೋ ಮೊದಲೇ ಅವರೇ ಫಾರ್ಮ್ ಪ್ರಿಂಟ್ ಮಾಡಿಸಿ ಮೇಲೆ ಎಂಪ್ಲಾಯಿ ಐಡಿ ಅಂತ ಒಂದು ಬಾಕ್ಸ್ ಹಾಕಿಸಿದ್ರು. ಬೆಳಿಗ್ಗೆ ಏಳೂವರೆ, ನೈಟ್ ಡ್ಯೂಟಿ ಹುಡುಗಿ, ಹಾವೇರಿ ಕಡೆಯವಳು, ಹ್ಯಾಂಡೋವರ್ ಬರೀತಾ ಬರೀತಾನೇ ಫಾರ್ಮ್ ತುಂಬ್ತಿದ್ಲು, ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ರು. ಅವಳು ಪ್ರಶ್ನೆ ಓದ್ಲೇ ಇಲ್ಲ. ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಮೇಲಿಂದ ಕೆಳಗೆ ಪೂರ್ತಿ 0, 0, 0. ಆಮೇಲೆ ಲಿಫ್ಟ್ ಹತ್ರ ಸಿಕ್ಕಾಗ ಕೇಳಿದೆ, ಯಾಕಮ್ಮಾ ಹಂಗೆ ಅಂತ. "ಅಕ್ಕಾ, ನನ್ನ ಒರಿಜಿನಲ್ ಸರ್ಟಿಫಿಕೇಟ್ ಎಲ್ಲಾ ಇವ್ರ ಹತ್ರಾನೇ ಅದಾವ್ರಿ, ಕೆಲ್ಸ ಬಿಡೂದಿಲ್ಲ ಅಂತ ಬರ್ದುಕೊಟ್ಟ ಬಾಂಡ್ ಇನ್ನೂ ಎಂಟು ತಿಂಗ್ಳು ಐತಿ" ಅಂದ್ಲು. ಆ ವಾರ್ಡಿನ ಸ್ಕೋರ್ ಇಡೀ ಆಸ್ಪತ್ರೇಲೇ ಕಮ್ಮಿ ಬಂತು, ಮ್ಯಾನೇಜ್‌ಮೆಂಟ್‌ನವರು ಇನ್‌ಚಾರ್ಜ್‌ಗೆ ಶಹಬ್ಬಾಸ್ ಅಂದ್ರು. ನನಗೆ ಅವತ್ತು ಊಟ ಸೇರ್ಲಿಲ್ಲ. ಈಗ ನಾನು ಫಾರ್ಮಲ್ಲಿ ಹೆಸರೂ ಹಾಕಿಸಲ್ಲ, ಐಡಿನೂ ಹಾಕಿಸಲ್ಲ, ಹತ್ತು ಜನಕ್ಕಿಂತ ಕಮ್ಮಿ ಇರೋ ಗುಂಪಿನ ನಂಬರ್ ಬೇರೆ ತೋರಿಸೋದೂ ಇಲ್ಲ, ಯಾಕಂದ್ರೆ ಆರು ಜನ ಇರೋ ಡಯಾಲಿಸಿಸ್ ಯೂನಿಟ್‌ನಲ್ಲಿ ಯಾರು ಏನು ಬರೆದ್ರು ಅಂತ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತೆ.

ಭಾಷೆ ವಿಷಯಾನೂ ಹೇಳ್ಲೇಬೇಕು. ನಮ್ಮ ಬೆಂಗಳೂರಿನ ವಾರ್ಡ್ ಅಂದ್ರೆ ಕೇರಳದವರು, ಈಶಾನ್ಯ ರಾಜ್ಯದವರು, ಉತ್ತರ ಕರ್ನಾಟಕದವರು ಎಲ್ಲಾ ಒಂದೇ ಸ್ಟೇಷನ್‌ನಲ್ಲಿ. ಇಂಗ್ಲಿಷಿಂದ ಪದಕ್ಕೆ ಪದ ಹಾಕಿದ್ರೆ ಅರ್ಥ ಕೆಡುತ್ತೆ. "ಡಾಕ್ಟರ್ ಜೊತೆ ಸಂಘರ್ಷ" ಅಂತ ಹಾಕಿದ ಕನ್ನಡ ಫಾರ್ಮಲ್ಲಿ ಎಲ್ಲರೂ ಇಲ್ಲವೇ ಇಲ್ಲ ಅಂದಿದ್ರು. ಸರಿನೇ, ಸಂಘರ್ಷ ಮಾಡೋಕೆ ಎದುರು ಮಾತಾಡ್ಬೇಕಲ್ಲ, ಯಾವ ಜೂನಿಯರ್ ಸಿಸ್ಟರ್ ಮಾತಾಡ್ತಾಳೆ? "ರೌಂಡ್ಸ್‌ನಲ್ಲಿ ಪೇಷೆಂಟ್ ಮುಂದೇನೇ ಬೈಸ್ಕೊಂಡಿದ್ದು" ಅಂತ ಬಾಯಿಮಾತಲ್ಲಿ ಕೇಳಿದ ತಕ್ಷಣ ಪಕ್ಕದವಳ ಮುಖ ನೋಡಿ ತಲೆ ತಗ್ಗಿಸಿದ್ರು. ಹಾಗಂತ ನಾವೇ ಪ್ರಶ್ನೆ ಬದಲಾಯಿಸೋ ಹಾಗಿಲ್ಲ, ಅನುವಾದ ಮಾಡಿಸಿ, ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷ್‌ಗೆ ತರಿಸಿ, ಹೋಲಿಸಿ ನೋಡಿ, ಆಮೇಲೆ ನಾಲ್ಕು ಜನ ನರ್ಸ್‌ಗಳನ್ನ ಕೂರಿಸ್ಕೊಂಡು ಒಂದೊಂದಾಗಿ ಅವರಿಗೆ ಏನು ಅರ್ಥ ಆಯ್ತು ಅಂತ ಕೇಳ್ಬೇಕು.

ಇನ್ನೊಂದು, ಮೂಲ 34ರಲ್ಲಿ ಪೇಷೆಂಟ್ ಕಡೆಯವರ ಗಲಾಟೆಗೆ ಅಂತ ಬೇರೆ ಭಾಗಾನೇ ಇಲ್ಲ. ನಮ್ಮಲ್ಲಿ ಒಂದು ಬೆಡ್‌ಗೆ ಐದು ಜನ ಅಟೆಂಡರ್, ಬಿಲ್ ಜಾಸ್ತಿ ಆಯ್ತು ಅಂದ್ರೂ ಬೈಗುಳ ಸಿಸ್ಟರ್‌ಗೇ. 2009ರಲ್ಲಿ ನಮ್ಮ ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ ಕಾಯ್ದೆ ಬಂದಿದೆ, ಅದು ನರ್ಸ್‌ಗಳಿಗೂ ಅನ್ವಯಿಸುತ್ತೆ ಅಂತ ಎಷ್ಟೋ ವಾರ್ಡ್‌ಗಳಲ್ಲಿ ಗೊತ್ತೇ ಇರಲ್ಲ. 2000ದಲ್ಲಿ ಬಂದ ವಿಸ್ತರಿಸಿದ ಸ್ಕೇಲ್‌ನಲ್ಲಿ ಪೇಷೆಂಟ್ ಮತ್ತು ಮನೆಯವರು, ತಾರತಮ್ಯ ಅಂತ ಭಾಗಗಳು ಸೇರಿವೆ, ನಮ್ಮೂರಿಗೆ ಅದೇ ವಾಸಿ ಅಂತ ನನ್ನ ಅನಿಸಿಕೆ.

ಎಂಎಸ್ಸಿ ನರ್ಸಿಂಗ್ ಮಕ್ಕಳೇ, ನಿಮಗೂ ಒಂದು ಮಾತು, ನೀವು ನನಗೆ ಕಳಿಸೋ ಥೀಸಿಸ್‌ಗಳನ್ನ ಪ್ರೀತಿಯಿಂದಾನೇ ಓದ್ತೀನಿ. 0ಯಿಂದ 102ರವರೆಗಿನ ಸ್ಕೋರ್‌ನ ಮೂರು ತುಂಡು ಮಾಡಿ ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಹೆಸರಿಡ್ತೀರಲ್ಲ, ಸ್ಕೇಲ್ ಮಾಡಿದವರು ಆ ಗೆರೆ ಹಾಕಿಲ್ಲ. 34ಕ್ಕೆ ಮೈಲ್ಡ್ 35ಕ್ಕೆ ಮಾಡರೇಟ್ ಅಂದ್ರೆ ಆ ಒಂದು ಮಾರ್ಕಿಗೆ ಏನರ್ಥ? ಆಮೇಲೆ "ಸಾವು ನೋಡೋದೇ ಎಲ್ಲಕ್ಕಿಂತ ದೊಡ್ಡ ಒತ್ತಡ" ಅಂತ ಬರೀತೀರಿ, ಸಾವಿನ ಭಾಗದಲ್ಲಿ 7 ಪ್ರಶ್ನೆ ಇದೆ, ಸಪೋರ್ಟ್ ಸಿಗಲ್ಲ ಅನ್ನೋದಕ್ಕೆ 3 ಇದೆ, ಹಾಗೇ ಕೂಡಿದ್ರೆ ಒಂದರಲ್ಲಿ 21ರವರೆಗೂ ಹೋಗ್ಬಹುದು, ಇನ್ನೊಂದು 9ಕ್ಕೆ ನಿಲ್ಲುತ್ತೆ. ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸಿ ಅಂತ ನೂರು ಸಲ ಹೇಳಿದೀನಿ, ಮತ್ತೆ ಹೇಳ್ತೀನಿ.

ಕೆಲವರು ಪ್ರಶ್ನೆ ಯಾಕೆ, ಎದೆಬಡಿತ ಅಳೆಯೋ ವಾಚ್ ಕಟ್ಟಿಸೋಣ, ಎಂಜಲಲ್ಲಿ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನ್ ನೋಡೋಣ ಅಂತಾರೆ. ಕಾರ್ಟಿಸೋಲ್ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೇಲಿ ಏರಿ ದಿನ ಪೂರ್ತಿ ಇಳಿಯೋ ವಸ್ತು, ವಾರಕ್ಕೊಂದು ಶಿಫ್ಟ್ ಬದಲಾಗೋಳಲ್ಲಿ ಅದರ ಏರಿಳಿತಾನೇ ಕಲಸಿರುತ್ತೆ. ಸಂಶೋಧನೆಗೆ ಸರಿ, ರೋಸ್ಟರ್ ಅಂದ್ರೆ ಯಾರಿಗೆ ಯಾವತ್ತು ಡ್ಯೂಟಿ ಅನ್ನೋ ಪಟ್ಟಿ ಸರಿಮಾಡೋಕೆ ಉಪಯೋಗ ಕಮ್ಮಿ.

ಉಪಯೋಗ ಆಗಿದ್ದು ಹೇಳ್ತೀನಿ. ಒಂದು ಮೆಡಿಕಲ್ ವಾರ್ಡಲ್ಲಿ ಕೆಲಸದ ಹೊರೆ ಭಾಗ ಮಾತ್ರ ಮೇಲಿತ್ತು, ಅದರಲ್ಲೂ ನರ್ಸಿಂಗ್ ಅಲ್ಲದ ಕೆಲಸ ಜಾಸ್ತಿ ಅನ್ನೋ ಪ್ರಶ್ನೆಗೆ ಬಹುಪಾಲು ಎಲ್ಲರೂ 3. ಕಾಗದ ಇಷ್ಟೇ ಹೇಳೋದು, ಮುಂದಿನದಕ್ಕೆ ಹೋಗಿ ನೋಡ್ಬೇಕು. ಒಂದು ರಾತ್ರಿ ಅಲ್ಲೇ ಕೂತೆ. ಒಂದೂವರೆ ಹೊತ್ತಿಗೆ ಸಿಸ್ಟರ್ ಔಷಧಿಗೆ ಇಂಡೆಂಟ್ ಚೀಟಿ ಹಾಕಿ ತಾನೇ ಎರಡು ಮಹಡಿ ಇಳಿದು ಫಾರ್ಮಸಿ ಕಿಟಕಿ ಮುಂದೆ ಕೈಲಿ ಟ್ರೇ ಹಿಡ್ಕೊಂಡು ನಿಂತಳು, ಒಳಗಿದ್ದವರು ಎದ್ದು ಬರೋವರೆಗೂ ಪದೇ ಪದೇ ಮೇಲಿನ ಮೆಟ್ಟಿಲ ಕಡೇನೇ ನೋಡ್ತಿದ್ಲು, ಯಾಕಂದ್ರೆ ವಾರ್ಡಲ್ಲಿ ಉಳಿದಿದ್ದು ಇನ್ನೊಬ್ಬಳೇ ಹುಡುಗಿ, ಮೊನ್ನೆ ತಾನೇ ಸೇರಿದ್ದೋಳು. ಬೆಳಗಾಗೋದ್ರೊಳಗೆ ಇನ್ನೂ ನಾಲ್ಕು ಸಲ ಅದೇ. ರಾತ್ರಿಗೆ ಒಬ್ಬ ವಾರ್ಡ್ ಬಾಯ್ ಕೊಡಿ ಅಂತ ಬರೆದೆ, ಕೊಟ್ರು. ಆರು ತಿಂಗಳಾದ ಮೇಲೆ ಅದೇ ಫಾರ್ಮ್ ಕೊಟ್ಟಾಗ ಆ ಭಾಗ ಇಳಿದಿತ್ತು, ಸಾವಿನ ಭಾಗ ಇಳಿದಿರಲಿಲ್ಲ, ಇಳಿಯೋಕೆ ಕಾರಣಾನೂ ಇರ್ಲಿಲ್ಲ. ವಾರ್ಡ್ ಬಾಯ್‌ನಿಂದಾನೇ ಇಳೀತು ಅಂತ ಖಡಾಖಂಡಿತವಾಗಿ ಹೇಳಲ್ಲ, ನಡುವೆ ಇಬ್ಬರು ಹೊಸಬರು ಬಂದಿದ್ರು, ಇಬ್ಬರು ಬಿಟ್ಟು ಹೋಗಿದ್ರು, ಬಿಟ್ಟು ಹೋದವರ ಉತ್ತರ ಯಾವತ್ತೂ ನಮ್ಮ ಲೆಕ್ಕಕ್ಕೆ ಸಿಗಲ್ಲ.

ಹಾಗಾದ್ರೆ ನಿಜವಾಗ್ಲೂ ಕುಸಿದು ಹೋಗಿರೋ ಒಬ್ಬ ಸಿಸ್ಟರ್ ಇದ್ರೆ ಅಂತ ಕೇಳ್ತೀರಿ, ನ್ಯಾಯವಾದ ಪ್ರಶ್ನೆ. ಅದಕ್ಕೆ ಸರ್ವೆ ದಾರಿ ಅಲ್ಲ, ಅವಳೇ ಬರೋಕೆ ಬೇರೆ ಬಾಗಿಲು ತೆಗೆದಿಡಿ, ಆ ಬಾಗಿಲ ಹತ್ರ ಎಚ್‌ಆರ್ ನಿಂತಿರಬಾರದು. ಫಾರ್ಮಿನ ಕೊನೇಲಿ ನಾನು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕ್ತೀನಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್‌ನ ಉಸ್ತುವಾರಿ ಇದೆ, ಕನ್ನಡದಲ್ಲೂ ಮಾತಾಡ್ತಾರೆ.

ಮುಂದಿನ ಸಲ ನನಗೆ ಫೋನ್ ಮಾಡೋ ಮೊದಲು ಮೂರು ತಿಂಗಳ ಡ್ಯೂಟಿ ರೋಸ್ಟರ್ ತೆಗೆದಿಡಿ, ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿರೋದಲ್ಲ, ಇನ್‌ಚಾರ್ಜ್ ಸಿಸ್ಟರ್ ಪೆನ್ಸಿಲ್‌ನಲ್ಲಿ ತಿದ್ದಿ ತಿದ್ದಿ ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿರ್ತಾರಲ್ಲ, ಅದು.