ತಿಪ್ಪೆ ಗೊಬ್ಬರಕ್ಕೆ ನೇಪಿಯರ್ ತಡವಾಗಿ ಸ್ಪಂದಿಸುವುದೇಕೆ?

ಮುಧೋಳ, ಜಮಖಂಡಿ ಕಡೆ ನೀರಾವರಿ ಹೊಲದಲ್ಲಿ ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲು ಹಚ್ಚಿದವರು ತಿಪ್ಪೆ ಗೊಬ್ಬರದ ಮೇಲೆ ಹೊರಿಸುವ ಆರೋಪ ಹೊಸದೇನಲ್ಲ: ಟ್ರಾಲಿಗಟ್ಟಲೆ ಹೇರಿದರೂ ಮೊದಲ ಕೊಯ್ಲಿಗೆ ಯೂರಿಯಾದಷ್ಟು ಮೇವು ಏಳುವುದಿಲ್ಲ. ಆರೋಪ ಸುಳ್ಳಲ್ಲ, ಆದರೆ ತೀರ್ಪನ್ನು ಮೊದಲ ಕೊಯ್ಲಿಗೇ ಕೊಡುವುದು ಅವಸರವಾಗುತ್ತದೆ.

ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕವಿರುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಗೂ ತುಸು ಹೆಚ್ಚು. ಅಲ್ಲದೆ ಗೊಬ್ಬರದ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ ಬಂಧಿಯಾಗಿದ್ದು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಂ, ನೈಟ್ರೇಟ್‌ಗಳಾಗಿ ಒಡೆದ ಮೇಲಷ್ಟೇ ಬೇರಿಗೆ ದಕ್ಕುತ್ತದೆ. ಕಣಿಕೆ, ರವದಿ ಬೆರೆತ ಹಸಿ ಸಗಣಿಯನ್ನೇ ಹಾಕಿದರಂತೂ ಆ ಜೀವಿಗಳು ಒಣಕಡ್ಡಿಯನ್ನು ಕೊಳೆಸಲು ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾವೇ ಹೀರಿಕೊಳ್ಳುವುದರಿಂದ ಹುಲ್ಲು ಕೆಲವು ವಾರ ಹಳದಿಯಾಗಿ ನಿಲ್ಲುತ್ತದೆ.

ಸಜ್ಜೆ ಮತ್ತು ನೇಪಿಯರ್‌ಗಳ ಸಂಕರವಾದ ಈ ಹುಲ್ಲು, ಜೋಳ-ಕಬ್ಬುಗಳಂತೆಯೇ, ಬಿಸಿಲನ್ನು ದಕ್ಷವಾಗಿ ಬಳಸುವ ಸಿ-4 ಸಸ್ಯ. ನೆಟ್ಟ ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು. ಪ್ರತಿ ಸಲವೂ ಮಣ್ಣಿನ ಸಾರಜನಕ, ಪೊಟ್ಯಾಶ್ ಹೊರೆಯ ಜೊತೆ ಹೊರಹೋಗುತ್ತವೆ. ಕೊಯ್ದ ಕೆಲ ದಿನಗಳ ಮೇಲೆ ಕೂಳೆಯನ್ನು ಬಿಡಿಸಿ ನೋಡಿದರೆ ಬುಡದ ಗೆಣ್ಣುಗಳಿಂದ ಹೊಸ ತೆಂಡೆಗಳು ಹೊರಡುತ್ತಿರುತ್ತವೆ. ಅವುಗಳಲ್ಲಿ ಎಷ್ಟು ಬಲಿತು ನಿಲ್ಲುತ್ತವೆ ಎಂಬುದು ಆಗ ಸಿಗುವ ನೀರು ಮತ್ತು ಪೋಷಕಾಂಶವನ್ನು ಅವಲಂಬಿಸಿದೆ. ನಿಧಾನವಾಗಿ ಕರಗುವ ಗೊಬ್ಬರದ ನಿಜವಾದ ಬೆಲೆ ಇರುವುದು ಈ ಮರುಚಿಗುರಿನಲ್ಲಿ.

ವಿಜಯಪುರದ ಎರೆ ಭೂಮಿಗೆ ಇನ್ನೊಂದು ತೊಡಕಿದೆ. ಸುಣ್ಣಾಂಶವುಳ್ಳ ಈ ಕ್ಷಾರ ಮಣ್ಣಿನ ಮೇಲೆ ಗೊಬ್ಬರವನ್ನು ಹರವಿ ಬಿಸಿಲಿಗೆ ಬಿಟ್ಟರೆ ಅಮೋನಿಯಾ ಗಾಳಿಪಾಲಾಗುತ್ತದೆ. ತಿಪ್ಪೆ ಅಗೆದಾಗ ಮೂಗಿಗೆ ಬಡಿಯುವ ಘಾಟು ಅದೇ. ಆದ್ದರಿಂದ ಹರವಿದ ದಿನವೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸುವುದು ಲೇಸು. ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿಯಲ್ಲಿ ಹಿಕ್ಕೆಯೊಂದಿಗೆ ಮೂತ್ರವೂ ನೇರವಾಗಿ ನೆಲಕ್ಕೆ ಸೇರುತ್ತದೆ. ದನದ ಕೊಟ್ಟಿಗೆಯಲ್ಲಿ ನಾವು ಹರಿಯಲು ಬಿಡುವ ಗಂಜಲದಲ್ಲಿ ಎಷ್ಟು ಸಾರಜನಕ ಪೋಲಾಗುತ್ತದೆಂದು ಯಾರೂ ಲೆಕ್ಕ ಇಡುವುದಿಲ್ಲ.

ನನ್ನ ಮಟ್ಟಿಗೆ, ನಾಟಿಗೆ ಮುನ್ನ ಚೆನ್ನಾಗಿ ಕೊಳೆತ ಗೊಬ್ಬರ, ಪ್ರತಿ ಕೊಯ್ಲಿನ ನಂತರ ನೀರಿನೊಂದಿಗೆ ಸ್ವಲ್ಪ ಯೂರಿಯಾ ಎಂಬ ಜೋಡಿಯೇ ಸರಿ. ಆದರೆ ನೀರು ಕೈಕೊಟ್ಟ ಬೇಸಿಗೆಯಲ್ಲಿ ಸಾರಜನಕ ಹೆಚ್ಚಿಸಬಾರದು: ಬಾಡಿದ ಹುಲ್ಲಿನ ದಂಟಿನ ಬುಡದಲ್ಲಿ ನೈಟ್ರೇಟ್ ಶೇಖರವಾಗಿ ದನಕ್ಕೆ ವಿಷವಾಗಬಲ್ಲದು.