ಫ್ರೆಂಡ್ ಪದಕ್ಕೆ ಫುಲ್ ಫಾರ್ಮ್ ಇದೆಯಾ?

ಪ್ರಶ್ನೆ: ಫ್ರೆಂಡ್ ಪದದ ಮೂಲ ಯಾವುದು? ಅದರ ಫುಲ್ ಫಾರ್ಮ್ ಸರಿ ಇದೆಯಾ?

ಉತ್ತರ: ಇಲ್ಲ. ಫುಲ್ ಫಾರ್ಮ್ ಅನ್ನೋದೇ ಇಲ್ಲ. ಹಾಸನದಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಫ್ರೆಂಡ್‌ಶಿಪ್ ಡೇ ಬರುವ ಪ್ರತಿ ಆಗಸ್ಟ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ನಿಮಗೆಲ್ಲ ಗೊತ್ತಿರುವ ಮೆಸೇಜೇ ಅದು. ಎಫ್ ಅಂದರೆ ಫ್ಯೂ, ಆರ್ ಅಂದರೆ ರಿಲೇಶನ್ಸ್, ಐ ಅಂದರೆ ಇನ್, ಇ ಅಂದರೆ ಅರ್ಥ್, ಎನ್ ಅಂದರೆ ನೆವರ್, ಡಿ ಅಂದರೆ ಡೈ. ಪಿಯುಸಿ ಮಕ್ಕಳ ಸ್ಲ್ಯಾಮ್ ಬುಕ್ಕಿನಲ್ಲಿ ಇದಿಲ್ಲದ ಪುಟವೇ ಸಿಗಲ್ಲ. ಸಾಲು ಚೆನ್ನಾಗಿದೆ, ಬರೆದುಕೊಳ್ಳಿ. ಆದರೆ ಪದ ಹುಟ್ಟಿದ್ದು ಹಾಗೆ ಅಂತ ಮಾತ್ರ ಹೇಳಬೇಡಿ.

ಯಾಕೆ ಅಂತೀರಾ? ಹಳೆಯ ಇಂಗ್ಲಿಷಿನಲ್ಲಿ ಈ ಪದದ ಸ್ಪೆಲಿಂಗ್ ಎಫ್, ಆರ್, ಇ, ಓ, ಎನ್, ಡಿ. ಐ ಅಕ್ಷರವೇ ಇರಲಿಲ್ಲ! 'ಇನ್' ಎಲ್ಲಿಂದ ಬರಬೇಕು? ಕ್ರಿ.ಶ. 1000ದ ಆಸುಪಾಸಿನ ಬೇವುಲ್ಫ್ ಕಾವ್ಯದ ಹಸ್ತಪ್ರತಿಯಲ್ಲಿ, ರಾಜನ ಸಭೆ ಗೆಳೆಯರಿಂದ ತುಂಬಿತ್ತು ಅನ್ನುವ ಕಡೆ ಈ ಪದ ಇದೆ. ಆರ್ ಕಥೆ ಇನ್ನೂ ಮಜಾ. ರಿಲೇಶನ್ ಅನ್ನೋ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿದ್ದೇ 14ನೇ ಶತಮಾನದಲ್ಲಿ. ಇನ್ನೂ ಬಂದೇ ಇರದ ಪದದ ಮೊದಲ ಅಕ್ಷರ ತೆಗೆದು ಪದ ಕಟ್ಟೋಕಾಗುತ್ತಾ? ಮೊದಲಕ್ಷರ ಜೋಡಿಸಿ ಪದ ಮಾಡುವ ಅಭ್ಯಾಸ ಜಾಸ್ತಿಯಾಗಿದ್ದೇ 20ನೇ ಶತಮಾನದಲ್ಲಿ. 1940ರ ರೇಡಾರ್ ಅಂಥದ್ದು. ಫ್ರೆಂಡ್ ಅಂಥದ್ದಲ್ಲ.

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು ಅಂತಾರಲ್ವಾ? ಯಾರ ಮಾತು ಮುಂದೆ ಇಂಗ್ಲಿಷ್ ಆಯಿತೋ ಆ ಆಂಗ್ಲರು, ಸ್ಯಾಕ್ಸನ್ನರು ಬ್ರಿಟನ್ನಿಗೆ ಬಂದು ನೆಲೆಸತೊಡಗಿದ್ದೂ ಹೆಚ್ಚುಕಡಿಮೆ ಆಗಲೇ. ಈ ಪದವನ್ನು ಅವರು ತಮ್ಮ ಜೊತೆಗೇ ತಂದರು. ಜರ್ಮನ್ನಿನ ಫ್ರಾಯ್ಂಡ್, ಡಚ್ಚಿನ ವ್ರೀಂಡ್ ಇದರದೇ ಅಣ್ಣತಮ್ಮಂದಿರು.

ಅರ್ಥ ಬಹಳ ಸರಳ: ಪ್ರೀತಿಸುವವನು. ಅದರ ಪಕ್ಕದಲ್ಲೇ ಇನ್ನೊಂದು ಪದ ಇತ್ತು, ದ್ವೇಷಿಸುವವನು ಅಂತ. ಅದೇ ಇವತ್ತಿನ ಫೀಂಡ್, ಅಂದರೆ ರಾಕ್ಷಸ. ಎರಡರ ಕೊನೆಯ ಎನ್, ಡಿ ಒಂದೇ ಪ್ರತ್ಯಯ. ಕನ್ನಡದ 'ಉವವನು' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ನಾನು ಬೋರ್ಡಿನ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇನ್ನೂ ಹಿಂದೆ ಹೋದರೆ ಮೂಲ ಧಾತುವಿಗೆ ಪ್ರೀತಿ ಅನ್ನೋದೇ ಅರ್ಥ. ಅದೇ ಧಾತುವಿನಿಂದ ಸಂಸ್ಕೃತಕ್ಕೆ 'ಪ್ರಿಯ' ಬಂತು, ಅಲ್ಲಿಂದ ನಮ್ಮ ಕನ್ನಡಕ್ಕೂ. ಸಂಸ್ಕೃತದಲ್ಲಿ ಪಕಾರ ಇದ್ದಲ್ಲಿ ಇಂಗ್ಲಿಷಿನಲ್ಲಿ ಫಕಾರ ಸಿಗುತ್ತದೆ: ಪಿತೃಗೆ ಫಾದರ್, ಪಾದಕ್ಕೆ ಫುಟ್. ಹಾಗೇ ಪ್ರಿಯಕ್ಕೆ ಫ್ರೆಂಡ್. ಇದು ಕಾಕತಾಳೀಯ ಅಲ್ಲ, ನೂರಾರು ಪದಗಳಲ್ಲಿ ಕಾಣುವ ನಿಯಮ.

ಹಾಗಾದರೆ ಗೆಳೆಯ ಅಂತಲೇ ಅರ್ಥ ಇರುವ ಇನ್ನೊಂದು ಇಂಗ್ಲಿಷ್ ಪದ 'ಪಾಲ್'? ಇದನ್ನು ಯಾರೂ ಕೇಳಲ್ಲ, ಕೇಳಬೇಕಿತ್ತು. ಫ್ರೆಂಡ್ ಸಂಸ್ಕೃತದಿಂದ ಹೋದ ಪದ ಅಲ್ಲ, ಬರೀ ನೆಂಟ. ಪಾಲ್ ಮಾತ್ರ ನಿಜವಾಗಿಯೂ ಭಾರತದ ಕಡೆಯಿಂದಲೇ ಹೋದದ್ದು. ಶತಮಾನಗಳ ಹಿಂದೆ ಉತ್ತರ ಭಾರತದಿಂದ ಹೊರಟು ಯುರೋಪಿನ ಉದ್ದಗಲಕ್ಕೂ ಹರಡಿದ ರೋಮಾ ಜನರ ಭಾಷೆಯಲ್ಲಿ ಅಣ್ಣತಮ್ಮಂದಿರಿಗೆ 'ಫ್ರಲ್' ಅಂತಾರೆ. ಅದು ನಮ್ಮ 'ಭ್ರಾತೃ'ವಿನ ಸವೆದ ರೂಪ. ಇಂಗ್ಲೆಂಡಿನ ರೋಮಾಗಳ ಬಾಯಲ್ಲಿ ಅದೇ ಪಾಲ್ ಆಯಿತು. 17ನೇ ಶತಮಾನದಲ್ಲಿ ಇಂಗ್ಲಿಷಿನವರು ಅದನ್ನು ಎತ್ತಿಕೊಂಡರು. ಪೆನ್ ಪಾಲ್ ಅಂತ ಕೇಳಿರುತ್ತೀರಲ್ಲ, ಅದರೊಳಗಿನ ಪಾಲ್ ಇದೇ.