ಹಸಿರು ಟ್ಯೂಬ್ ಇಲ್ಲದೆ ತೋಟ ಬರೆಯುವುದು: ಹೆಲೆನ್ ಆಲಿಂಗ್‌ಹ್ಯಾಮ್ ಚಿತ್ರಗಳ ಟಿಪ್ಪಣಿ

ಜಲವರ್ಣದಲ್ಲಿ ತೋಟ ಬರೆಯಲು ಕೂತರೆ ನಮ್ಮಂಥ ಕಲಿಯುವವರ ಚಿತ್ರ ಕೆಡುವುದು ಎರಡೇ ಕಡೆ. ಎಲೆಗೆ ಟ್ಯೂಬಿನ ಹಸಿರು ಬಳಿದರೆ ಪ್ಲಾಸ್ಟಿಕ್ ಎಲೆ ಥರ ಕಾಣುತ್ತದೆ. ಬಿಳಿ ಹೂವಿಗೆ ಮೇಲಿಂದ ಬಿಳಿ ಬಣ್ಣ ಇಟ್ಟರೆ ಸುಣ್ಣ ಸಿಡಿದ ಹಾಗೆ ಕಾಣುತ್ತದೆ. ಇದಕ್ಕೆ ಮದ್ದು ಹುಡುಕುವಾಗ ನನಗೆ ಹೆಚ್ಚು ಕಲಿಸಿದ್ದು ಇಂಗ್ಲೆಂಡಿನ ಜಲವರ್ಣ ಕಲಾವಿದೆ ಹೆಲೆನ್ ಆಲಿಂಗ್‌ಹ್ಯಾಮ್. ಇವರಲ್ಲಿ ಏನು ಹಚ್ಚಿದರು ಎನ್ನುವುದಕ್ಕಿಂತ ಏನು ಬಿಟ್ಟರು, ಏನು ಕೆರೆದು ತೆಗೆದರು ಅನ್ನುವುದನ್ನೇ ನೋಡಬೇಕು.

ಪರಿಚಯ ಚುಟುಕಾಗಿ. ಹುಟ್ಟಿದ್ದು 1848, ತೀರಿಕೊಂಡದ್ದು 1926. ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಯಲ್ಲಿ ಕಲಿತರು. 1860ರಲ್ಲಿ ಆ ಶಾಲೆಗೆ ಸೇರಿದ ಮೊದಲ ಹೆಣ್ಣುಮಗಳು ಇವರದೇ ಚಿಕ್ಕಮ್ಮ ಲಾರಾ ಹರ್ಫರ್ಡ್. ಅರ್ಜಿಯ ಚಿತ್ರದ ಮೇಲೆ ಬರೀ ಇನಿಷಿಯಲ್ ಹಾಕಿದ್ದರಿಂದ ಅದು ಹೆಣ್ಣಿನದು ಅಂತ ಅಲ್ಲಿಯವರಿಗೆ ಗೊತ್ತೇ ಆಗಲಿಲ್ಲ! ಹೆಲೆನ್ 1881ರಲ್ಲಿ ಕುಟುಂಬದ ಜೊತೆ ಸರ್ರೆ ಸೀಮೆಯ ವಿಟ್ಲಿ ಊರಿನ ಹತ್ತಿರ ಬಂದು ನೆಲೆಸಿದರು. ಹಳ್ಳಿ ಮನೆಗಳ ಚಿತ್ರಗಳು ಅಲ್ಲಿಂದ ಜಾಸ್ತಿಯಾದವು.

ಈಗ ಬಣ್ಣದ ಪೆಟ್ಟಿಗೆ. ಅವರು ಬಳಸುತ್ತಿದ್ದದ್ದು ಒಂಬತ್ತೇ ಬಣ್ಣ: ಕೋಬಾಲ್ಟ್ ನೀಲಿ, ಪರ್ಮನೆಂಟ್ ಯೆಲ್ಲೊ, ಆರಿಯೋಲಿನ್ (ತಿಳಿ ಹಳದಿ), ಯೆಲ್ಲೊ ಓಕರ್, ರಾ ಸಿಯೆನ್ನಾ (ಇವೆರಡೂ ಮಣ್ಣಿನ ಹಳದಿ), ಕ್ಯಾಡ್ಮಿಯಂ, ರೋಸ್ ಮ್ಯಾಡರ್ (ಗುಲಾಬಿ), ಲೈಟ್ ರೆಡ್ (ಇಟ್ಟಿಗೆ ಕೆಂಪು), ಸೆಪಿಯಾ (ಕಡುಕಂದು). ಇನ್ನೊಮ್ಮೆ ಓದಿ. ಹಸಿರೇ ಇಲ್ಲ, ಅಲ್ವಾ? ಕಪ್ಪೂ ಇಲ್ಲ. ನೀಲಿ ಒಂದೇ, ಅದೂ ಸೌಮ್ಯವಾದ ಕೋಬಾಲ್ಟ್. ಅಂದಮೇಲೆ ತೋಟದ ಎಲ್ಲ ಹಸಿರೂ ಆ ಒಂದು ನೀಲಿಗೆ ಬೇರೆ ಬೇರೆ ಹಳದಿ ಸೇರಿಯೇ ಬರಬೇಕು. ಆರಿಯೋಲಿನ್ ಸೇರಿದರೆ ಚಿಗುರು, ರಾ ಸಿಯೆನ್ನಾ ಸೇರಿದರೆ ಬಲಿತ ಎಲೆ, ಚೂರು ಲೈಟ್ ರೆಡ್ ಬಿದ್ದರೆ ಬೇಲಿಯ ಬುಡದ ಮಬ್ಬು. ಮೂಲ ಒಂದೇ ಆದ್ದರಿಂದ ಯಾವ ಹಸಿರೂ ಇನ್ನೊಂದರ ಜೊತೆ ಜಗಳ ಆಡುವುದಿಲ್ಲ. ಒಂದು ಎಚ್ಚರಿಕೆ: ಆರಿಯೋಲಿನ್, ಅಸಲಿ ರೋಸ್ ಮ್ಯಾಡರ್ ಎರಡೂ ಬೆಳಕಿಗೆ ಕೆಡುತ್ತವೆ. ರೋಸ್ ಮ್ಯಾಡರ್ ಬದಲು ಪರ್ಮನೆಂಟ್ ರೋಸ್ ತೊಗೊಳ್ಳಿ.

ಹೂವಿನ ವಿಚಾರ ಇನ್ನೂ ಸ್ವಾರಸ್ಯ. ಅವರ ಅಂಗಳಗಳಲ್ಲಿ ಹಾಲಿಹಾಕ್ ಉದ್ದುದ್ದ ನಿಂತಿರುತ್ತದೆ (ನಮ್ಮ ದಾಸವಾಳದ ಬಳಗದ್ದೇ ಗಿಡ). ಆ ಹೂಗಳನ್ನು ಅವರು ದಪ್ಪ ಬಿಳಿ ಬಣ್ಣದಿಂದ ಮಾಡುತ್ತಿರಲಿಲ್ಲ. ಹಿಂದಿನ ಹಸಿರನ್ನು ಮೊದಲು ಹಚ್ಚಿ, ಹೂವಿನ ಜಾಗದಲ್ಲಿ ಚೂಪು ಚಾಕುವಿನಿಂದ ಕೆರೆದು ಕಾಗದದ ಬಿಳಿಯನ್ನೇ ಹೊರಗೆ ತರುತ್ತಿದ್ದರು. ಆಮೇಲೆ ಅದರ ಮೇಲೆ ತೆಳುವಾಗಿ ಬಣ್ಣ. ಸ್ಪಂಜು, ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯುವುದೂ ಇತ್ತು.

ಮಾಡಿ ನೋಡುವವರಿಗೆ: ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ, ಪೂರ್ತಿ ಒಣಗಿರಲಿ. ನಾನು ಆತುರಕ್ಕೆ ಹಸಿ ಕಾಗದ ಕೆರೆದು, ಹೂವಿನ ಬದಲು ಹತ್ತಿಯ ಹಾಗೆ ಎದ್ದ ನಾರು ನೋಡಿದ್ದೇನೆ. ಕೆರೆದ ಜಾಗ ಬಣ್ಣವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ನೀವು ಅಂದುಕೊಂಡದ್ದಕ್ಕಿಂತ ನೀರಾಗಿ ಹಚ್ಚಿ.

ಮನೆಗಳಿಗೆ ಬಂದರೆ, ಸರ್ರೆಯಲ್ಲಿ ಒಂದು ವಿಶೇಷ ಇದೆ. ಅಲ್ಲಿನ ಹಳೇ ಮನೆಗಳಿಗೆ ಗೋಡೆಯ ಮೇಲ್ಭಾಗಕ್ಕೂ ಮಣ್ಣಿನ ಹೆಂಚು ತೂಗುಹಾಕುತ್ತಾರೆ, ಮಳೆ ತಡೆಯಲು. ಒಂದೊಂದು ಹೆಂಚನ್ನೂ ಎಣಿಸಿ ಬರೆದರೆ ಗೋಡೆ ಗ್ರಾಫ್ ಶೀಟ್ ಆದೀತು. ಮೊದಲು ಇಡೀ ಗೋಡೆಗೆ ಲೈಟ್ ರೆಡ್ ತೆಳುವಾಗಿ ಬಿಡಿ. ಅಲ್ಲಲ್ಲಿ ಮಾತ್ರ ಅಂಚು ಎತ್ತಿ ತೋರಿಸಿದರೆ ಸಾಕು. ನೆರಳಿಗೆ ಕೋಬಾಲ್ಟ್ ಜೊತೆ ತುಸು ರೋಸ್.

ಆದರೆ ಈ ಮನೆಗಳು ಇದ್ದದ್ದು ಇದ್ದ ಹಾಗೇ ಅಂತ ನಂಬಬೇಡಿ. ಆಗ ಹಳೇ ಮನೆಗಳನ್ನು ಕೆಡವುತ್ತಿದ್ದರು, ಇಲ್ಲವೇ ರಿಪೇರಿ ಮಾಡಿ ಹೊಸದಾಗಿಸುತ್ತಿದ್ದರು. 1886ರಲ್ಲಿ ಲಂಡನ್ನಿನಲ್ಲಿ ಸರ್ರೆ ಮನೆಗಳ ಪ್ರದರ್ಶನ ಆದಾಗ, ಕವಿಯಾಗಿದ್ದ ಅವರ ಗಂಡ ವಿಲಿಯಂ ಇದನ್ನೇ ಬರೆದರು: ಚಿತ್ರ ಮುಗಿದ ಕೆಲವೇ ತಿಂಗಳಲ್ಲಿ ಎಷ್ಟೋ ಮನೆಗಳ ರೂಪ ಬದಲಾಗಿತ್ತು. ಹೆಲೆನ್ ಅಂತೂ ಹೊಸ ಕಿಟಕಿ ಕಂಡರೆ ಅದನ್ನು ತೆಗೆದು, ಸೀಸದ ಪಟ್ಟಿಯ ಹಳೇ ಜಾಲರಿ ಕಿಟಕಿಯನ್ನೇ ಚಿತ್ರದಲ್ಲಿ ಇಡುತ್ತಿದ್ದರು. ದಾಖಲೆ ಅಂತ ನೋಡುವವರಿಗೆ ಇದು ಮೋಸ. ನನಗೂ ಸ್ವಲ್ಪ ಕಸಿವಿಸಿಯೇ. ಅಲ್ಲಿನ ಅಂಗಳ ಯಾವಾಗಲೂ ಬಿಸಿಲು, ಬಡತನದ ಸುಳಿವೇ ಕಡಿಮೆ. ಆದರೂ ಮುಂದಿನ ಸಲ ಹಳೇ ಮನೆ ಬರೆಯಲು ಕೂತಾಗ ಡಿಶ್ ಆಂಟೆನಾ ಬಿಡುತ್ತೀರೋ ಇಡುತ್ತೀರೋ, ಪೆನ್ಸಿಲ್ ಹಿಡಿಯುವ ಮೊದಲೇ ತೀರ್ಮಾನ ಮಾಡಿ. ಬಣ್ಣ ಒಣಗಿದ ಮೇಲೆ ಆಂಟೆನಾ ಕೆರೆಯುವುದು ಹೂವು ಕೆರೆದಷ್ಟು ಸುಲಭ ಅಲ್ಲ.